ಶುಕ್ರವಾರದ ಗಡುವು

ಅಕ್ಟೋಬರ್ ೨೮, ಮಂಗಳವಾರ. ಡುಲುತ್.

ಶುಕ್ರವಾರಕ್ಕೆ ಇನ್ನು ಮೂರೇ ದಿನ. ಮನೆ ಮಾರಿದ ಮೇಲೂ ಅರವತ್ತು ದಿನ ಇಲ್ಲೇ ಇರಲು ಬಿಡಿ ಎಂದು ಕೇಳಿಕೊಂಡದ್ದು ಗಂಡ ವರ್ನನ್‌ಗಾಗಿ. ಸಾಯುವುದಾದರೆ ಸರೋವರ ಕಾಣುವ ಈ ಕೋಣೆಯಲ್ಲೇ ಎಂದು ಅವನ ಹಟ. ಅಷ್ಟು ದಿನ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಉಳಿದಿದ್ದಾನೆ. ಬೆಳಿಗ್ಗೆ ಬೇಯಿಸಿದ ಸೇಬು ಎರಡು ಚಮಚ ತಿಂದು, "ಸಿಹಿ ಸಾಲದು ಕಣೆ" ಎಂದು ಮುಖ ಸಿಂಡರಿಸಿದ.

ಮಧ್ಯಾಹ್ನ ಮನೆ ಕೊಂಡ ಡೀನಾ ಬಂದಳು. ತುಂಬು ಬಸುರಿ. ಬೀಗದ ಕೈ ಕೇಳಲು ಬಂದಳೆಂದುಕೊಂಡೆ. ಅವಳು ಮಲಗಿದ್ದ ವರ್ನನ್‌ನನ್ನು ನೋಡಿ ದನಿ ತಗ್ಗಿಸಿದಳು.

"ಶುಕ್ರವಾರ ಹೋಗ್ಬೇಡಿ. ನಾವು ನಮ್ಮಕ್ಕನ ಮನೇಲಿ ಇರ್ತೀವಿ."

"ಎಷ್ಟು ದಿನ ಅಂತ ಹೇಳೋಕಾಗಲ್ಲಮ್ಮ."

"ನಾನು ಕೇಳ್ತಾನೂ ಇಲ್ವಲ್ಲ."

ಅವಳನ್ನು ತಬ್ಬಿಕೊಂಡು ಅತ್ತೆ. ಉಪಕಾರ ನೆನೆದು ಅಳುತ್ತಿದ್ದೇನೆ ಎಂದು ಅವಳು ಅಂದುಕೊಂಡಿರಬೇಕು. ಒಂದು ವಾರದಿಂದ ನಾನು ಕ್ಯಾಲೆಂಡರ್ ನೋಡುತ್ತ, ಶುಕ್ರವಾರದೊಳಗೆ ಇವನು ಹೋಗಿಬಿಟ್ಟರೆ ಸಾಕು ಎಂದು ಬೇಡಿಕೊಳ್ಳುತ್ತಿದ್ದೆ. ನಲವತ್ತೊಂದು ವರ್ಷ ಜೊತೆಗಿದ್ದವನಿಗೆ ನಾನು ಬಯಸಿದ್ದು ಅದನ್ನು.

ಸಂಜೆ ಅವನಿಗೆ ಹೇಳಿದೆ, ಇನ್ನು ಅವಸರವಿಲ್ಲ ಎಂದು.

"ನಿಂಗೆ ಅವಸರ ಇತ್ತಾ?" ಎಂದ.

ನಾನು ಹೊದಿಕೆ ಸರಿಮಾಡಿದೆ. ಅವನು ನನ್ನ ಎಡಗೈ ಹಿಡಿದುಕೊಂಡ. ನಿದ್ದೆ ಬಂದರೂ ಬಿಟ್ಟಿಲ್ಲ. ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಪುಸ್ತಕ ಜಾರುತ್ತಿದೆ, ಆದರೂ ಕೈ ಬಿಡಿಸಿಕೊಳ್ಳಲು ಮನಸ್ಸಿಲ್ಲ.