ಉರಿಯದ ಬಲ್ಬು

ಕಾರ್ಖಾನೆಯ ಹಿಂದಿನ ಮನೆ,
ಮಂಗಳವಾರ ಸಂಜೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹೊಸ ಕಂಪನಿಯ ಊಟ ಮೈಗೆ ಹಿಡಿಯಿತೇ, ಬೆನ್ನುನೋವು ಕಡಿಮೆಯಾಯಿತೇ? ನಿನ್ನ ಮೇಲೆ ಕೆಂಡದಂಥ ಕೋಪವಿದ್ದರೂ ಕೇಳದಿರಲು ಆಗುವುದಿಲ್ಲ, ಹಾಳು ಅಭ್ಯಾಸ. ನಿನ್ನ ಮಗಳು ಆಸ್ಪತ್ರೆಯಲ್ಲಿದ್ದಾಳೆ. ಗಾಬರಿಯಾಗಬೇಡ, ಈಗ ಎದ್ದು ಕೂರುತ್ತಾಳೆ, ಅತ್ತಿಗೆ ಜೊತೆಗಿದ್ದಾರೆ. ವಾಂತಿಭೇದಿಯಾಗಿ ಸೊಪ್ಪಿನಂತೆ ಬಾಡಿಹೋಗಿದ್ದಳು. ನಿನ್ನ ಫೋನು ಹತ್ತಲೇ ಇಲ್ಲ.

ನಮ್ಮದೇ ಕಾರ್ಖಾನೆಯಲ್ಲಿ ಓಆರ್‌ಎಸ್ ಪುಡಿ ಮಾಡುವವರು ನಾವು, ಹೊರಗೆ ಯಾಕೆ ಹುಡುಕಬೇಕು ಎಂದು ನೀನು ಹೊರಡುವ ಹಿಂದಿನ ದಿನ ಬೆರೆಸಿದ ಪುಡಿಯನ್ನೇ ಕಲಸಿ ಕುಡಿಸಿದೆ. ಯಾವಾಗಲೂ ಮೂತಿ ತಿರುಗಿಸುವವಳು ಲೋಟ ಖಾಲಿ ಮಾಡಿ, "ಅತ್ತೆ, ಈ ಸಲ ಚೆನ್ನಾಗಿದೆ, ಉಪ್ಪೇ ಇಲ್ಲ" ಅಂದಳು. ಕಲಸಿದ್ದರಲ್ಲಿ ಉಳಿದಿದ್ದನ್ನು ಒಂದು ಗುಟುಕು ಕುಡಿದು ನೋಡಿದೆ. ಬರೀ ಸಿಹಿ.

ಅವಳನ್ನು ಆಸ್ಪತ್ರೆಗೆ ಒಯ್ದು ಡ್ರಿಪ್ ಹಾಕಿಸಿ ಬಂದವಳು ನೇರ ಬೆರೆಸುವ ಕೋಣೆಗೆ ಹೋದೆ. ಅಪ್ಪನ ನಿಯಮ ನಿನಗೆ ಗೊತ್ತಲ್ಲ: "ಮೊದಲು ಬಲ್ಬಿಗೆ ಕುಡಿಸಿ, ಆಮೇಲೆ ಜನಕ್ಕೆ." ಶುದ್ಧ ನೀರಿಗೆ ಪುಡಿ ಹಾಕಿದೆ, ತಿಳಿಯಾಗಿ ಕರಗಿತು. ಬ್ಯಾಟರಿಗೂ ಬಲ್ಬಿಗೂ ಜೋಡಿಸಿದ ಎರಡು ತಂತಿಗಳನ್ನು ಅದರಲ್ಲಿ ಅದ್ದಿದೆ. ಬಲ್ಬು ಮಿಣುಕ್ ಎನ್ನಲಿಲ್ಲ. ಲವಣವಿದ್ದಿದ್ದರೆ ನೀರಿನಲ್ಲಿ ಧನ ಕಣ, ಋಣ ಕಣಗಳಾಗಿ ಬೇರೆಯಾಗುತ್ತಿತ್ತು, ಕರೆಂಟು ಹೊರುವುದು ಅವೇ. ಗ್ಲೂಕೋಸ್ ಕೂಡ ಅಷ್ಟೇ ಚೆನ್ನಾಗಿ ಕರಗುತ್ತದೆ, ಆದರೆ ಅದರ ಅಣುಗಳು ಒಂದರಿಂದೊಂದು ದೂರ ಸರಿಯುತ್ತವೆಯೇ ಹೊರತು ಒಡೆಯುವುದಿಲ್ಲ. ಅವು ಕರೆಂಟು ಹೊರಲಾರವು. ಇದನ್ನು ನನಗೆ ಕಲಿಸಿದವನೇ ನೀನು!

ಲವಣದ ಚೀಲ ಆ ವಾರ ಬಂದೇ ಇರಲಿಲ್ಲವೆಂದು ಲಾರಿಯವನು ಹೇಳಿದ. ನಿನಗೆ ಆರ್ಡರ್ ಮುಗಿಸಿ ಹೊರಡುವ ಆತುರ. ಜ್ವರದಲ್ಲಿ ಮಲಗಿದ್ದ ನನ್ನ ತಲೆ ಸವರಿ, "ಬಲ್ಬಿಗೆ ಕುಡಿಸಿದ್ದೀನಿ ಕಣೇ, ಝಗ್ ಅಂತು. ನೀನು ಪರೀಕ್ಷೆ ಆಯಿತೆಂದು ಸೀಲ್ ಒತ್ತು, ಸಾಕು" ಅಂದೆ ನೀನು. ನಾನು ಕಣ್ಣುಮುಚ್ಚಿ ಒತ್ತಿದೆ. ನಂಬಿದವಳ ಕತ್ತು ಕೊಯ್ದೆಯಲ್ಲ ಅಣ್ಣಾ. ಅಂಗಡಿಗಳಿಂದ ಪೊಟ್ಟಣಗಳನ್ನು ವಾಪಸ್ ತರಿಸುತ್ತಿದ್ದೇನೆ. ಆಗಲೇ ಯಾರ್ಯಾರು ಕುಡಿದಿದ್ದಾರೋ, ಅಂಗಡಿಯವರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದೇನೆ.

ಮೈ ನೋಡಿಕೋ. ಅತ್ತಿಗೆ ನಿನ್ನ ಕ್ಷೇಮ ಕೇಳಿದೆನೆಂದು ತಿಳಿಸಲು ಹೇಳಿದರು.

ನಿನ್ನ ತಂಗಿ

ಮರೆತಿದ್ದೆ: ಗುರುವಾರ ಔಷಧ ಇಲಾಖೆಯವರು ಬರುತ್ತಾರೆ. ಸೀಲ್ ನನ್ನದಾದರೂ ಬೆರೆಸಿದವನು ನೀನೆಂದು ಹೇಳಿಯೇ ಹೇಳುತ್ತೇನೆ. ನಿನ್ನ ಮಗಳಿಗೆ ಮಾತ್ರ ಹೇಳಲು ನನ್ನಿಂದಾಗಲಿಲ್ಲ. "ಅಪ್ಪ ನನಗೋಸ್ಕರಾನೇ ಉಪ್ಪು ಹಾಕಿಲ್ಲ" ಅಂತ ಪ್ರತಿಯೊಬ್ಬ ನರ್ಸ್ ಹತ್ತಿರವೂ ಜಂಬ ಕೊಚ್ಚಿಕೊಳ್ಳುತ್ತಿದ್ದಾಳೆ. ಅವಳಿಗೆ ನೀನೇ ಬಂದು ಹೇಳು.