ಒಂಬತ್ತು ಗೋಲು ಹೊಡೆದದ್ದು ಕಡುಬಲ್ಲ, ಮಾನ್ಯರೇ

ವಿದ್ಯಾರ್ಥಿ ಫುಟ್‌ಬಾಲ್ ಸ್ಪರ್ಧಾ ಸಮಿತಿಯ ಕಾರ್ಯದರ್ಶಿಯವರಿಗೆ

ಮಾನ್ಯರೇ,

ತಮ್ಮ ಆದೇಶದಲ್ಲಿ ‘ಗುರುತು ಪತ್ತೆಯಾಗದ ಮಹಿಳೆ’ ಎಂದು ಬರೆದಿರುವಿರಲ್ಲ, ಆ ಮಹಿಳೆ ನಾನೇ. ಹುಡುಕುವ ಶ್ರಮ ತಮಗೆ ಬೇಡವೆಂದು ನಾನಾಗಿಯೇ ಹಾಜರಾಗಿದ್ದೇನೆ. ಹೆಸರು ಉಮಾವತಿ, ಊರು ಉಡುಪಿಯ ಹತ್ತಿರ, ಈಗ ಬಹಳ ವರ್ಷಗಳಿಂದ ಗ್ರೋನಿಂಗನ್. ಅಕ್ಟೋಬರಿನ ಆ ಶನಿವಾರ ನಮ್ಮ ವಿಶ್ವವಿದ್ಯಾಲಯದ ಆರನೇ ಫುಟ್‌ಬಾಲ್ ತಂಡ ಒಂಬತ್ತು–ಸೊನ್ನೆಯಿಂದ ಗೆದ್ದಿತು. ಆ ಫಲಿತಾಂಶವನ್ನು ತಾವು ರದ್ದು ಮಾಡಿ, ಪಂದ್ಯವನ್ನು ಮತ್ತೆ ಆಡಬೇಕೆಂದು ಅಪ್ಪಣೆ ಕೊಡಿಸಿದ್ದೀರಿ. ಕಾರಣವೇನು? ಹಾಫ್‌ಟೈಮಿನಲ್ಲಿ ಈ ಮಹಿಳೆ ಎದುರಾಳಿ ತಂಡಕ್ಕೆ ‘ಭಾರವಾದ ಬಿಸಿ ಆಹಾರ’ ತಿನ್ನಿಸಿ ಅವರ ಆಟ ಕೆಡಿಸಿದಳಂತೆ! ಅದಕ್ಕೆ ಕಡುಬು ಎನ್ನುತ್ತಾರೆ, ಮಾನ್ಯರೇ. ಸ್ಟೀಲಿನ ಲೋಟದಲ್ಲಿ ಬೇಯಿಸಿದ್ದು, ಜೊತೆಗೆ ಕಡಲೆ ಗಸಿ, ಅಂದರೆ ಕಾಯಿ ಅರೆದು ಹಾಕಿದ ಗಟ್ಟಿ ಸಾರು. ಬಿಸಿ ಎಂದಿರಿ, ಒಪ್ಪಿದೆ. ಭಾರ ಎಂದಿರಲ್ಲ, ಅದನ್ನು ಮಾತ್ರ ನಾನು ಸಹಿಸಲಾರೆ. ನನ್ನ ಕಡುಬು ಹತ್ತಿಯ ಹಾಗಿರುತ್ತದೆ, ಇಡೀ ಗ್ರೋನಿಂಗನ್ನಿನ ಕನ್ನಡದವರನ್ನು ಕೇಳಿ ನೋಡಿ.

ಈ ಪತ್ರ ಕನ್ನಡದಲ್ಲಿ ಏಕೆ ಎಂದು ತಮಗೆ ಅನ್ನಿಸಬಹುದು. ನನ್ನ ಯಜಮಾನರು ಹರಿಶ್ಚಂದ್ರ ಕೂಡ ಅದನ್ನೇ ಕೇಳಿದರು. “ಅಲ್ಲ ಉಮಾ, ಅವರಿಗೆ ಕನ್ನಡ ಬರ್ತದಾ?”

“ನಂಗೆ ಅವರ ಆಫೀಸಿನ ಡಚ್ ಬರ್ತದಾ? ಆದ್ರೂ ಬರೀಲಿಲ್ವಾ ಅವರು?” ಎಂದೆ.

ನಮ್ಮ ಮನೆಮಾತು ತುಳು. ಮಾತು ಜಗಳದ ಮಟ್ಟಕ್ಕೆ ಏರಿದರೆ ತಾನಾಗಿ ಕನ್ನಡ ಬಂದುಬಿಡುತ್ತದೆ. ತಮ್ಮ ಆದೇಶ ಬಂದಂದಿನಿಂದ ಮನೆಯಲ್ಲಿ ಕನ್ನಡವೇ ನಡೆಯುತ್ತಿದೆ.

ಆರನೇ ತಂಡದ ಬಗ್ಗೆ ತಮಗೆ ನಾನು ಹೇಳಬೇಕಾಗಿಲ್ಲ. ಏಳನೆಯದು ಎಂಬುದು ಇಲ್ಲ. ಇದ್ದಿದ್ದರೆ ನಮ್ಮ ಹುಡುಗರು ಅದರಲ್ಲೇ ಇರುತ್ತಿದ್ದರು. ಗ್ರೀಸಿನವನೊಬ್ಬ, ಇಂಡೋನೇಷ್ಯಾದ ಇಬ್ಬರು, ಎದುರಿನವನಿಗೆ ಡಿಕ್ಕಿ ಹೊಡೆದರೆ ನಿಂತು ಕ್ಷಮೆ ಕೇಳಿ ಅಷ್ಟರಲ್ಲಿ ಗೋಲು ಬಿಟ್ಟುಕೊಡುವ ನೈಜೀರಿಯಾದ ಒಬ್ಬ ಸಭ್ಯಸ್ಥ, ಹೀಗೆ ಪ್ರಪಂಚದ ಎಲ್ಲ ಮೂಲೆಗಳಿಂದ ಓದಲು ಬಂದ ಮಕ್ಕಳು. ಗೋಲಿನ ಮುಂದೆ ನಿಲ್ಲುವವನು ತಿಪಟೂರಿನ ಶಮಂತ್. ಆ ಶನಿವಾರದವರೆಗೆ ಎರಡು ವರ್ಷದ ಆಟದಲ್ಲಿ ಒಂದೇ ಒಂದು ಗೆಲುವಿಲ್ಲ. ಚೆಂಡನ್ನು ಬಲೆಯಿಂದ ಹೊರಗೆ ತೆಗೆಯುವುದರಲ್ಲಿ ಅವನಷ್ಟು ಅಭ್ಯಾಸ ಈ ಪ್ರಾಂತ್ಯದಲ್ಲಿ ಇನ್ನಾರಿಗೂ ಇರಲಾರದು.

ಫುಟ್‌ಬಾಲಿಗೂ ನನಗೂ ಎಂತಹ ಸಂಬಂಧ? ಎರಡು ವರ್ಷದ ಹಿಂದೆ ಗೆಳತಿ ಚಂದ್ರಪ್ರಭಾಳ ಮನೆಗೆ ಕಡುಬಿನ ಡಬ್ಬಿ ಇಟ್ಟುಕೊಂಡು ಸೈಕಲ್ಲಿನಲ್ಲಿ ಹೊರಟಿದ್ದೆ. ನಿಮ್ಮೂರಿನ ಎದುರುಗಾಳಿ ತಮಗೆ ಗೊತ್ತಲ್ಲ, ತುಳಿದಷ್ಟೂ ಸೈಕಲ್ಲು ಹಿಂದಕ್ಕೇ ಹೋಗುತ್ತದೆ. ಉಸಿರು ತೆಗೆದುಕೊಳ್ಳಲು ಕಾಲುವೆಯ ಪಕ್ಕದ ಮೈದಾನದ ಬೇಲಿ ಹಿಡಿದು ನಿಂತೆ. ಒಳಗೆ ಒದ್ದೆ ಹುಲ್ಲಿನ ಮೇಲೆ ಒಬ್ಬ ಹುಡುಗ ಕೈಗವಸು ಕಳಚಿ ಕೂತು, “ಅಯ್ಯೋ ಶಿವನೇ, ಇನ್ನೂ ಅರ್ಧ ಆಟ ಇದ್ಯಲ್ಲಪ್ಪಾ!” ಎಂದ. ಪರದೇಶದಲ್ಲಿ, ಆ ಚಳಿಯಲ್ಲಿ, ಕನ್ನಡದಲ್ಲಿ ಶಿವನನ್ನು ಕರೆಯುವ ಮಗುವನ್ನು ಬಿಟ್ಟು ಹೋಗುವುದು ಹೇಗೆ? ಆಗಲೇ ಐದು ಗೋಲು ತಿಂದಿದ್ದರು. ಡಬ್ಬಿಯನ್ನು ಬೇಲಿಯ ಮೇಲಿಂದ ದಾಟಿಸಿದೆ. ಹನ್ನೊಂದು ಜನ ಕೂಡಿ ಖಾಲಿ ಮಾಡಿ, ದ್ವಿತೀಯಾರ್ಧದಲ್ಲಿ ಮತ್ತೆ ನಾಲ್ಕು ಗೋಲು ತಿಂದರು. ತನ್ನ ಪಾಲಿನ ಕಡುಬು ತಿಂದವರು ಯಾರೆಂದು ನೋಡಲು ಮುಂದಿನ ಶನಿವಾರ ಚಂದ್ರಪ್ರಭಾ ನನ್ನ ಜೊತೆ ಬಂದಳು. ಅಲ್ಲಿಗೆ ಅಭಿಮಾನಿಗಳು ಇಬ್ಬರಾದೆವು.

ಆಮೇಲೆ ಯಜಮಾನರು ಸೇರಿದರು, ಇನ್ನೆರಡು ಮನೆಯವರು ಸೇರಿದರು, ನಾಯಿ ಹಿಡಿದುಕೊಂಡು ಬರುವ ಒಬ್ಬ ಡಚ್ ಅಜ್ಜನೂ ಸೇರಿದ. ಗೋಲು ತಿಂದಾಗಲೆಲ್ಲ ನಾವು ಒಟ್ಟಾಗಿ “ಪರವಾಗಿಲ್ಲ!” ಎಂದು ಕೂಗುವುದು. ಆ ಗ್ರೀಸಿನವನಿಗೆ ಈಗ ಬರುವ ಒಂದೇ ಕನ್ನಡ ಪದ ಅದು, ಮತ್ತು ಅವನಷ್ಟು ಸ್ಪಷ್ಟವಾಗಿ ಅದನ್ನು ಹೇಳುವವರು ನಮ್ಮೂರಲ್ಲೂ ಕಡಿಮೆ. ಹಾಫ್‌ಟೈಮಿನಲ್ಲಿ ಕಡುಬು. ನಿಯಮ ಒಂದೇ: ಆಗ ಯಾರು ಸೋಲುತ್ತಿದ್ದಾರೋ ಅವರಿಗೆ. ಸೋಲುತ್ತಿರುವವರಿಗೆ ಚಳಿಯೂ ಹೆಚ್ಚು, ಹಸಿವೂ ಹೆಚ್ಚು. ನಮ್ಮವರೇ ಸದಾ ಸೋಲುತ್ತಿದ್ದುದರಿಂದ ಈ ನಿಯಮವನ್ನು ಬಾಯಿಬಿಟ್ಟು ಹೇಳುವ ಪ್ರಸಂಗ ಬಂದಿರಲಿಲ್ಲ.

ಅಷ್ಟರಲ್ಲಿ ಕೊರೊನಾ ಬಂತು. ಶಮಂತ್‌ನ ಪ್ರಯೋಗಾಲಯಕ್ಕೆ ಬೀಗ ಬಿತ್ತು, ಬೇಸಿಗೆಯಲ್ಲೇ ಮುಗಿಯಬೇಕಿದ್ದ ಓದು ಡಿಸೆಂಬರಿಗೆ ಹೋಯಿತು. ಮಂಚ ಹಾಕಿದರೆ ಕುರ್ಚಿ ಹಿಡಿಯದ ಕೋಣೆಯಲ್ಲಿ ಆ ಹುಡುಗ ತಿಂಗಳುಗಟ್ಟಲೆ ಒಬ್ಬನೇ ಕೂತ. ಒಮ್ಮೆ ಫೋನಿನಲ್ಲಿ ಹೇಳಿದ್ದ: “ಆಂಟಿ, ಇವತ್ತು ನಾನು ಮಾತಾಡ್ತಿರೋ ಮೊದಲನೇ ಮನುಷ್ಯರು ನೀವೇ. ಗಂಟಲು ಹಿಡ್ಕೊಂಡ್ಬಿಟ್ಟಿತ್ತು.” ನನಗೆ ಕಣ್ಣಲ್ಲಿ ನೀರು ಬಂತು. ಸೆಪ್ಟೆಂಬರಿನಲ್ಲಿ ಆಟ ಮತ್ತೆ ಶುರುವಾದಾಗ ಆ ಮಕ್ಕಳು ಓಡಿ ಬಂದದ್ದು ಗೆಲ್ಲಲಿಕ್ಕಲ್ಲ, ಮುಖ ನೋಡಲಿಕ್ಕೆ. ಸೋಲು ಯಥಾಪ್ರಕಾರ ಮುಂದುವರಿಯಿತು.

ಈಗ ಆ ಶನಿವಾರಕ್ಕೆ ಬರುತ್ತೇನೆ. ಪ್ರೇಕ್ಷಕರಿಗೆ ಮೈದಾನದೊಳಗೆ ಪ್ರವೇಶವಿಲ್ಲ, ಕ್ಯಾಂಟೀನಿಗೆ ಬೀಗ. ಎಲ್ಲ ಗೊತ್ತಿತ್ತು, ಮತ್ತು ಎಲ್ಲವನ್ನೂ ಪಾಲಿಸಿದೆವು. ಬೇಲಿಯ ಹೊರಗೆ, ಸಾರ್ವಜನಿಕ ಸೈಕಲ್ ದಾರಿಯ ಬದಿಯಲ್ಲಿ, ಅಂತರ ಇಟ್ಟುಕೊಂಡು ನಿಂತಿದ್ದೆವು. ಬೇಲಿಯ ಹೊರಗೆ ನಿಂತವಳೂ ‘ಪ್ರೇಕ್ಷಕಿ’ ಎನ್ನುವುದಾದರೆ, ಕಾಲುವೆಯ ಆಚೆ ಮೇಯುತ್ತಿದ್ದ ಹಸುಗಳು ಯಾರು, ಮಾನ್ಯರೇ? ಅವೂ ತಲೆಯೆತ್ತಿ ನೋಡುತ್ತಿದ್ದವು. ಅವಕ್ಕೂ ನೋಟಿಸು ಹೋಗಿದೆಯೇ? ಕೂಗಬಾರದು ಎಂದಿದ್ದರು, ಕೂಗಲಿಲ್ಲ. ಡಬ್ಬಿಯ ಮುಚ್ಚಳಕ್ಕೆ ಚಮಚದಿಂದ ಬಡಿಯುತ್ತಿದ್ದೆವು. ಈ ವರ್ಷ ನಮ್ಮ ದೇಶದಲ್ಲಿ ಇಡೀ ಜನ ತಟ್ಟೆ ಬಡಿದಿದ್ದರು, ನಮ್ಮದು ಬರೀ ಮುಚ್ಚಳ.

ಮೊದಲ ಗೋಲು ನಮ್ಮವರು ಹೊಡೆದಾಗ ಏನು ಮಾಡಬೇಕೆಂದು ನಮಗೆ ತಿಳಿಯಲಿಲ್ಲ. ಅಭ್ಯಾಸಬಲದಿಂದ ಚಂದ್ರಪ್ರಭಾ “ಪರವಾಗಿಲ್ಲ!” ಎಂದುಬಿಟ್ಟಳು. ಎರಡನೆಯದೂ ಬಿತ್ತು. ಹಾಫ್‌ಟೈಮಿನಲ್ಲಿ ಶಮಂತ್ ಎಂದಿನಂತೆ ಬೇಲಿಯ ಬಳಿ ಬಂದ. ನಾನು ಡಬ್ಬಿ ಹಿಂದಕ್ಕೆ ಎಳೆದುಕೊಂಡೆ.

“ನಿಂಗೆ ಇಲ್ಲ ಮಾರಾಯ. ಇವತ್ತು ಅವರಿಗೆ.”

“ಯಾಕಾಂಟಿ?”

“ಸೋಲ್ತಾ ಇರುವವರಿಗಲ್ವಾ ಕಡುಬು? ಲೆಕ್ಕ ನೋಡು, ಯಾರು ಸೋಲ್ತಾ ಇದ್ದಾರೆ ಅಂತ.”

ಹುಡುಗ ಒಂದು ಕ್ಷಣ ಪಿಳಿಪಿಳಿ ನೋಡಿದ. ಆಮೇಲೆ ತಿರುಗಿ ಮೈದಾನದ ತುಂಬ ಓಡಿದ. “ಗೈಸ್! ನೋ ಕಡುಬು ಫಾರ್ ಅಸ್! ನೋ ಕಡುಬು!” ಹನ್ನೊಂದು ಜನ ಕುಣಿದಾಡಿಬಿಟ್ಟರು. ಊಟ ಸಿಗಲಿಲ್ಲ ಎಂದು ಅಷ್ಟು ಖುಷಿಪಟ್ಟವರನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ಎದುರಾಳಿಗಳು ಪಾಪ, ಇಬ್ಬರು ಕ್ವಾರಂಟೈನಿನಲ್ಲಿದ್ದುದರಿಂದ ಹತ್ತೇ ಜನ ಬಂದಿದ್ದರು. ತಣ್ಣನೆಯ ಬ್ರೆಡ್ಡಿನ ನಡುವೆ ಚೀಸ್ ಇಟ್ಟುಕೊಂಡು ಕಚ್ಚುತ್ತ ಕೂತಿದ್ದರು. ನಾನು ಡಬ್ಬಿ, ಕಾಗದದ ಬಟ್ಟಲು ಎಲ್ಲ ಬೇಲಿಯ ಕಟ್ಟೆಯ ಮೇಲಿಟ್ಟು ಒಂದೂವರೆ ಮೀಟರ್ ಹಿಂದೆ ಸರಿದೆ. ಅವರು ಬಂದರು, ಮೂಸಿದರು, ತಿಂದರು. ಬಲವಂತ ಮಾಡಲಿಲ್ಲ. ಇನ್ನೊಂದು ಹಾಕಿಕೊಳ್ಳಿ ಎಂದು ಹೇಳಿದ್ದು ನಿಜ, ಅದನ್ನು ಬಲವಂತ ಎನ್ನುವುದಾದರೆ ನಮ್ಮೂರಿನ ಅತ್ತೆಯಂದಿರೆಲ್ಲ ಜೈಲಿನಲ್ಲಿರಬೇಕಾಗುತ್ತದೆ.

ದ್ವಿತೀಯಾರ್ಧದಲ್ಲಿ ಗಾಳಿ ನಮ್ಮವರ ಬೆನ್ನಿಗೆ ಬಂತು. ನಮ್ಮವರು ಒದ್ದದ್ದೆಲ್ಲ ಗೋಲು. ಆರಾಗುವಾಗ ಚಂದ್ರಪ್ರಭಾ, “ಸಾಕು ಅನ್ರೀ ಅವರಿಗೆ, ಪಾಪ ಆ ಮಕ್ಕಳೂ ಯಾರದೋ ಮನೆಯವರೇ ಅಲ್ವಾ” ಎಂದು ನನ್ನ ಜೀವ ತಿಂದಳು. ಯಜಮಾನರು ಮಾತ್ರ ಮುಚ್ಚಳ ನಗ್ಗುವ ಹಾಗೆ ಬಡಿಯುತ್ತ, “ಒಂಬತ್ತು ಆಗ್ಲಿ, ನಾವು ಒಂಬತ್ತು ತಿಂದದ್ದುಂಟು!” ಎಂದರು. ಒಂಬತ್ತೇ ಆಯಿತು. ಶಮಂತ್ ಒಂದೂ ಬಿಡಲಿಲ್ಲ. ಸೀಟಿ ಊದಿದ ಮೇಲೂ ಹುಡುಗರು ಮನೆಗೆ ಹೋಗಲೊಲ್ಲರು. ಮುಟ್ಟಬಾರದಲ್ಲ, ಮೊಣಕೈಗೆ ಮೊಣಕೈ ತಾಗಿಸುತ್ತ ನಿಂತೇ ಇದ್ದರು. ನಾಯಿಯ ಅಜ್ಜ ಟೋಪಿ ತೆಗೆದು ಕಣ್ಣೊರೆಸಿಕೊಂಡ. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಮುಂದಿನ ಮಂಗಳವಾರವೇ ಸರ್ಕಾರ ದೊಡ್ಡವರ ತಂಡದ ಆಟಗಳನ್ನೆಲ್ಲ ನಿಲ್ಲಿಸಿತು. ಅದಕ್ಕೆ ನಮ್ಮ ತಕರಾರಿಲ್ಲ, ಕಾಲ ಅಂಥದ್ದು. ಆದರೆ ಅದರ ಹಿಂದೆಯೇ ತಮ್ಮ ಆದೇಶ ಬಂತಲ್ಲ! ದೂರು ಕೊಟ್ಟವರು ಯಾರು? ಸೋತವರೇ? ಅಲ್ಲ. ಅವರ ನಾಯಕ ತಮಗೆ ಪತ್ರ ಬರೆದು, ‘ನಾವು ಸೋತದ್ದು ಕೆಟ್ಟದಾಗಿ ಆಡಿದ್ದರಿಂದ’ ಎಂದು ತಿಳಿಸಿದ್ದಾನೆ, ನನ್ನಿಂದ ಗಸಿ ಮಾಡುವ ಕ್ರಮವನ್ನೂ ಕೇಳಿ ಬರೆಸಿಕೊಂಡಿದ್ದಾನೆ. ದೂರು ಕೊಟ್ಟದ್ದು ನಮ್ಮ ಗೆಲುವಿನಿಂದ ಪಟ್ಟಿಯ ಕೊನೆಗೆ ಇಳಿದ ಇನ್ನೊಂದು ತಂಡ. ಕೊನೆಯ ಸ್ಥಾನದ ಕಷ್ಟ ನಮಗೆ ಗೊತ್ತಿಲ್ಲವೇ? ಎರಡು ವರ್ಷ ಅಲ್ಲೇ ಸಂಸಾರ ಮಾಡಿದವರು ನಾವು. ನಾವು ಒಮ್ಮೆಯಾದರೂ ದೂರು ಕೊಟ್ಟಿದ್ದೆವೇ?

ತಮ್ಮ ಆದೇಶವನ್ನು ನಾನು ನಿಘಂಟು ಹಿಡಿದು ಓದಿ ಮುಗಿಸಿದಾಗ ಯಜಮಾನರು ಪೇಪರಿನಿಂದ ತಲೆಯೆತ್ತದೆ ಒಂದು ಮಾತು ಹೇಳಿದರು: “ಅಲ್ಲ ಉಮಾ, ಕಡುಬು ತಿಂದವರು ಸೋಲ್ತಾರೆ ಅಂತಾದ್ರೆ, ನಮ್ಮವರು ಎರಡು ವರ್ಷ ಸೋತದ್ದೂ ನಿನ್ನ ಕಡುಬಿನಿಂದ್ಲೇ ಇರ್ಬೇಕಲ್ಲಾ?”

ನನಗೆ ಮೈಯೆಲ್ಲ ಉರಿಯಿತು. ಅವತ್ತು ರಾತ್ರಿ ಅವರಿಗೆ ಗಂಜಿಯೇ ಗತಿಯಾಯಿತು. ಮರುದಿನ ಯೋಚಿಸಿದೆ. ನಮ್ಮ ಯಜಮಾನರು ಬಾಯಿ ಬಿಡುವುದೇ ಅಪರೂಪ, ಬಿಟ್ಟರೆ ವಕೀಲರ ಹಾಗೆ ಬಿಡುತ್ತಾರೆ. ಆದ್ದರಿಂದ ಮಾನ್ಯರೇ, ಅದೇ ಪ್ರಶ್ನೆಯನ್ನು ತಮ್ಮ ಮುಂದಿಡುತ್ತೇನೆ. ಎರಡು ವರ್ಷ ನಮ್ಮ ಮಕ್ಕಳು ಹಾಫ್‌ಟೈಮಿನಲ್ಲಿ ಇದೇ ಕಡುಬು, ಇದೇ ಗಸಿ ತಿಂದು ಸೋತರು. ಆಗ ತಮ್ಮ ಸಮಿತಿ ಎಲ್ಲಿತ್ತು? ನಮ್ಮವರು ತಿಂದು ಸೋತರೆ ಅದು ಊಟ, ಬೇರೆಯವರು ತಿಂದು ಸೋತರೆ ಅದು ಅಪರಾಧವೇ? ಕಡುಬಿಗೆ ಆಟ ಕೆಡಿಸುವ ಶಕ್ತಿ ಇದೆ ಎಂಬುದು ತಮ್ಮ ತೀರ್ಮಾನವಾದರೆ ನಮ್ಮ ಆ ಎಲ್ಲ ಸೋಲುಗಳನ್ನೂ ರದ್ದುಮಾಡಿ, ಎಲ್ಲವನ್ನೂ ಮತ್ತೆ ಆಡಿಸಿ. ಆ ಶಕ್ತಿ ಇಲ್ಲವೆಂದಾದರೆ ನಮ್ಮ ಒಂದು ಗೆಲುವನ್ನು ವಾಪಸು ಕೊಡಿ. ಎರಡರಲ್ಲಿ ಯಾವುದು ತಮಗೆ ಸುಲಭ? ಮೊದಲ ಗೋಲೆರಡು ಯಾರ ಹೊಟ್ಟೆಗೂ ಕಡುಬು ಬೀಳುವ ಮೊದಲೇ ಬಿದ್ದವು ಎಂಬುದನ್ನಾದರೂ ತಮ್ಮ ಸಮಿತಿಯಲ್ಲಿ ಯಾರೂ ಗಮನಿಸಲಿಲ್ಲವೇ?

‘ಆಟಗಳು ಪುನರಾರಂಭವಾದ ನಂತರ ಪಂದ್ಯ ಮತ್ತೆ ಆಡಿಸಲಾಗುವುದು’ ಎಂದಿದ್ದೀರಿ. ಯಾವಾಗ, ಮಾನ್ಯರೇ? ಕ್ರಿಸ್ಮಸ್ಸಿನ ಮೊದಲು ಶಮಂತ್ ಊರಿಗೆ ಹೊರಡುತ್ತಾನೆ. ಮತ್ತೆ ಬರುವವನಲ್ಲ. ಅವನಿಲ್ಲದೆ ಆಡಿಸಿ ಗೆದ್ದರೂ ಅದು ಯಾರ ಗೆಲುವು?

ಮೊನ್ನೆ ಶನಿವಾರ ಮನಸ್ಸು ತಡೆಯಲಿಲ್ಲ. ಕಡುಬು ಮಾಡಿ ಅವನ ಹಾಸ್ಟೆಲಿಗೆ ಸೈಕಲ್ ತುಳಿದೆ. ಬಾಗಿಲಲ್ಲಿಟ್ಟು ಹಿಂದೆ ಸರಿದು ಫೋನ್ ಮಾಡಿದೆ. ಕೆಳಗಿಳಿದು ಬಂದ. ನೂಡಲ್ಸ್ ತಿಂದೂ ತಿಂದೂ ಕಡ್ಡಿಯಾಗಿದ್ದಾನೆ. ಮುಚ್ಚಳ ತೆಗೆದು ನೋಡಿದ, ಹಬೆ ಮುಖಕ್ಕೆ ಬಂತು. ಹಾಗೇ ಮುಚ್ಚಿ, ನೆಲದ ಮೇಲಿಟ್ಟು, ನನ್ನ ಕಡೆಗೆ ತಳ್ಳಿದ.

“ಇದು ಸೋತವರ ಕಡುಬಲ್ವಾ ಆಂಟಿ? ನಾವು ಗೆದ್ದಿದೀವಿ. ಇದನ್ನ ತಿಂದ್ರೆ ಅವರು ಹೇಳಿದ್ದಕ್ಕೆ ಒಪ್ಕೊಂಡ ಹಾಗಾಗುತ್ತೆ. ಬೇಜಾರ್ ಮಾಡ್ಕೋಬೇಡಿ.”

“ಹಸಿವೆ ಇಲ್ವನಾ ನಿಂಗೆ?”

“ಇದೆ.”

ಅಷ್ಟೇ ಹೇಳಿದ. ಎರಡು ವರ್ಷ ಕಡುಬಿಗಾಗಿ ಬೇಲಿಗೆ ಜೋತುಬಿದ್ದ ಹುಡುಗ! ಆ ಬಿಸಿ ಡಬ್ಬಿಯನ್ನು ಎದುರುಗಾಳಿಯಲ್ಲಿ ವಾಪಸು ತಂದೆ. ದಾರಿಯುದ್ದಕ್ಕೂ ಹೆಮ್ಮೆಯೂ ಆಯಿತು, ತಮ್ಮ ಮೇಲೆ ವಿಪರೀತ ಸಿಟ್ಟೂ ಬಂತು. ಮನೆಯಲ್ಲಿ ಯಜಮಾನರು ತಟ್ಟೆ ಹಿಡಿದು ಬಂದರು. “ನೀವು ಎಂತ ಸೋತದ್ದು?” ಎಂದು ಕೇಳಿ ಅವರಿಗೂ ಕೊಡಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಶಮಂತ್ ವಿಮಾನ ಹತ್ತುವ ಮೊದಲು ತಮ್ಮ ಆದೇಶ ಹಿಂತೆಗೆದುಕೊಂಡು, ಪಟ್ಟಿಯಲ್ಲಿ ನಮ್ಮ ಆರನೇ ತಂಡದ ಹೆಸರಿನ ಮುಂದೆ ಒಂಬತ್ತು–ಸೊನ್ನೆ ಎಂದು ಬರೆಯಿರಿ. ಹಾಗೆ ಬರೆದರೆ ಈ ವ್ಯಾಜ್ಯದಲ್ಲಿ ತಾವು ಸೋತ ಹಾಗಾಗುತ್ತದೆ, ಅದು ನನಗೆ ಗೊತ್ತು. ಸಂಕೋಚ ಬೇಡ. ನಮ್ಮ ನಿಯಮ ತಮಗೂ ಅನ್ವಯಿಸುತ್ತದೆ. ಅಂದೇ ಮಧ್ಯಾಹ್ನ ತಮ್ಮ ಕಚೇರಿಯ ಮೆಟ್ಟಿಲ ಮೇಲೆ ಡಬ್ಬಿ ಇಟ್ಟು ಒಂದೂವರೆ ಮೀಟರ್ ಹಿಂದೆ ನಿಲ್ಲುತ್ತೇನೆ. ಬಿಸಿ ಇರುವಾಗಲೇ ತಿನ್ನಿ. ನಮ್ಮ ಹುಡುಗರೆಲ್ಲ ಬೇಲಿಯ ಹೊರಗಿನಿಂದ “ಪರವಾಗಿಲ್ಲ!” ಎನ್ನುತ್ತಾರೆ.

ಇಂತಿ,
ಹಬೆಯಾಡುವ ಡಬ್ಬಿ ಹಿಡಿದು ಸೋತವರಿಗಾಗಿ ಕಾಯುತ್ತಿರುವ,
ತಮ್ಮ ಕಡತದ ಗುರುತಿಲ್ಲದ ಮಹಿಳೆ
ಉಮಾವತಿ
ಗ್ರೋನಿಂಗನ್, ನವೆಂಬರ್ 2020