ಗಡಿಯಾರ ನಿಲ್ಲಿಸಿದ್ದಕ್ಕೆ ಕ್ಷಮೆಯಿಲ್ಲ

ಹಾರ್ಲನ್ ಕ್ರೀಕ್,
9 ಮಾರ್ಚ್ 1912

ಪಕ್ಷದ ಅಧ್ಯಕ್ಷರಾದ ಮಿಸ್ಟರ್ ಲಡ್ಲೊ ಅವರಿಗೆ,

ಶಾಸನಸಭೆಯ ಗಡಿಯಾರ ನಿಲ್ಲಿಸಿದ್ದಕ್ಕೆ ಕ್ಷಮೆ ಕೇಳು, ಇಲ್ಲದಿದ್ದರೆ ಈ ಸಲ ಟಿಕೆಟ್ ಇಲ್ಲ ಎಂದು ಬರೆದಿದ್ದೀರಿ. ರಾತ್ರಿ ಹನ್ನೆರಡು ಹೊಡೆದರೆ ಅಧಿವೇಶನ ಮುಗಿದು ಬಾಕಿ ಮಸೂದೆಗಳೆಲ್ಲ ಬಿದ್ದುಹೋಗುತ್ತವೆಂದು, ಕೊನೆಯ ದಿನ ಮುಳ್ಳನ್ನೇ ಹಿಡಿದು ನಿಲ್ಲಿಸುವ ಪದ್ಧತಿ ನಿಮ್ಮದೇ. ಒಂಬತ್ತು ವರ್ಷ ರೈಲು ಕಂಪನಿಗಾಗಿ ನಿಲ್ಲಿಸಿದಿರಿ, ಆಗ ಅದು ಸಂಪ್ರದಾಯ. ನಾನು ಲಾಂಡ್ರಿ ಹೆಂಗಸರಿಗಾಗಿ ನಿಲ್ಲಿಸಿದೆ, ಈಗ ಅದು ಅನ್ಯಾಯ!

ಆ ರಾತ್ರಿ, ಸಭೆಯ ಬಾಗಿಲು ಕಾಯುತ್ತಾ ನಿಮಗಾಗಿ ಗಡಿಯಾರ ನಿಲ್ಲಿಸುತ್ತಿದ್ದ ಮುದುಕ ಜೆಥ್ರೊ, "ಈ ಸಲ ಯಾರಿಗೋಸ್ಕರ ನಿಲ್ಲಿಸ್ಲಿ, ವಕೀಲ್ರೇ?" ಅಂದ.

"ದಿನಕ್ಕೆ ಹದಿನಾಲ್ಕು ಗಂಟೆ ಬಟ್ಟೆ ಒಗೆಯೋರಿಗೆ. ಹತ್ತು ಗಂಟೆ ಸಾಕು ಅಂತ ನನ್ನ ಮಸೂದೆ."

"ಹಂಗಾದ್ರೆ ಏಣಿ ನೀವೇ ಹತ್ತಿ ಸ್ವಾಮಿ, ನನಗೆ ನೌಕರಿ ಬೇಕು!"

ಹತ್ತಿದೆ. ಇಪ್ಪತ್ತು ನಿಮಿಷದಲ್ಲಿ ಮಸೂದೆ ಪಾಸಾಯಿತು. ನಿನ್ನೆ ಗವರ್ನರ್ ಸಹಿಯೂ ಬಿತ್ತು.

ಆ ಹೆಂಗಸರಿಗೆ ಮತ ಹಾಕುವ ಹಕ್ಕಿಲ್ಲ, ನನಗೆ ಗೊತ್ತು. ನಾನು ಕ್ಷಮೆ ಕೇಳುವುದಿಲ್ಲ, ನಿಮಗೂ ಗೊತ್ತಿರಲಿ. ನವೆಂಬರಿನಲ್ಲಿ ಪಕ್ಷೇತರನಾಗಿ ನಿಲ್ಲುತ್ತೇನೆ. ಒಂದೇ ವಿನಂತಿ: ಪಕ್ಷದ ಅಭ್ಯರ್ಥಿಗಳ ಪಟ್ಟಿಯಲ್ಲಿ ನನ್ನ ಹೆಸರನ್ನು ಪೆನ್ಸಿಲಿನಿಂದಲ್ಲ, ಶಾಯಿಯಿಂದ ಹೊಡೆದುಹಾಕಿ. ಆಮೇಲೆ ಆ ಗೀಟು ಅಳಿಸುವ ಆಸೆ ನಿಮಗೂ ಬೇಡ, ನನಗೂ ಬೇಡ.

ಸದ್ಯಕ್ಕೆ ಶಾಸಕ, ಎಂದಿಗೂ ವಕೀಲ,
ಓರಿನ್ ಟ್ವೆಡೆಲ್